ದೇವಿಕೊಪ್ಪ ಎಂಬ ಟೋನು

ರೋಹಿಣಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಹೇಮಂತನ ಬೆರಳುಗಳ ಮೇಲೆಯೇ ಮುಚ್ಚಿದಳು.

"ಯಪ್ಪಾ!" ಎಂದು ಅವನು ಕೈ ಎಳೆದುಕೊಂಡ. ಪಡಸಾಲೆಯಲ್ಲಿ ಭಜನೆಯವರ ತಾಳ ನಿಂತಿತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವರು ಒಂದನ್ನು ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ನೋಡಿದರು.

"ತಗೀ ಇದನ್ನ," ಎಂದಳು ರೋಹಿಣಿ. "ಈಗಿಂದೀಗ ತಗೀ. ನಮ್ಮಪ್ಪನ ಮುಂದ ಇದನ್ನ ತಂದಿಡಾಕ ನಿನಗ ಎಷ್ಟ ಧೈರ್ಯ ಇರಬೇಕಲೇ?"

ಅಪ್ಪ ಅವಳ ಬೆನ್ನ ಹಿಂದೆಯೇ ಕೂತಿದ್ದ. ಸುಭಾಸ ಮಾಸ್ತರ ನಿನ್ನೆ ಸಂಜೆ ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಹೋಗಿಬಿಟ್ಟಿದ್ದ. ಈಗ ಅವನಿಗೆ ಜಳಕ ಮಾಡಿಸಿ, ಮೈತುಂಬ ವಿಭೂತಿ ಬಳಿದು, ಕಾಲು ಮಡಚಿ ಕೂರಿಸಿ, ತಲೆ ವಾಲಬಾರದೆಂದು ಹಣೆಗೆ ಬಿಳಿ ಪಟ್ಟಿ ಬಿಗಿದು ಗೋಡೆಯ ಗೂಟಕ್ಕೆ ಕಟ್ಟಿದ್ದರು. ಜೀವ ಇದ್ದಾಗ ಆ ಮನುಷ್ಯ ಇಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಸಂಶಿಯಲ್ಲಿ ಯಾರೂ ಕಂಡಿರಲಿಲ್ಲ. ಭಜನೆಯಲ್ಲಿ ಒಬ್ಬ ಶ್ರುತಿ ಬಿಟ್ಟರೂ ಬಾರಿಸುವುದನ್ನು ನಿಲ್ಲಿಸಿ, "ಲೇ, ಗಂಟಲಾಗ ಏನ ಸಿಕ್ಕಸ್ಕೊಂಡಿ?" ಎಂದು ಎದ್ದು ನಡೆದುಬಿಡುತ್ತಿದ್ದ. ನಾಟಕದವರಾಗಲಿ, ಭಜನೆಯವರಾಗಲಿ, ಅವನ ಕೈಯಲ್ಲಿ ಬೈಸಿಕೊಳ್ಳದವರು ಆ ಪಡಸಾಲೆಯಲ್ಲಿ ಇರಲಿಲ್ಲ. ಬೈಸಿಕೊಂಡವರೆಲ್ಲ ಬೆಳಗಿನಿಂದ ಬಂದು ಕೂತು ಅವನ ಮುಂದೆಯೇ ಹಾಡುತ್ತಿದ್ದರು.

ಭಜನೆ ಮೇಳದ ಹಿರಿಯ ಈರಪ್ಪ ತಾಳ ಕೆಳಗಿಟ್ಟು ಎದ್ದ. "ಯವ್ವಾ ರೋಹಿಣಿ, ಮಂದಿ ಕುಂತಾರ. ಹೆಣದ ಮುಂದ ಜಗಳಾ ಛಂದ ಕಾಣೂದಿಲ್ಲ."

"ಜಗಳಾ ನಾ ತಂದಿಲ್ಲ ಕಾಕಾ. ಇಂವ ಚೀಲದಾಗ ಹಾಕ್ಕೊಂಡ ಬಂದಾನ."

"ಹಂಗಲ್ಲವಾ. ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸ್ ಕಟ್ಟಾಕತ್ತಾರ. ಮಣ್ಣು ಮೂರಕ್ಕ. ಪೇಟಿ ಇಲ್ಲದ ನಿಮ್ಮಪ್ಪನ್ನ ಕಳಸಾಕ ಆಗತೈತೇನ? ಹೇಮಂತನ ಕಡೆ ಎಲ್ಲಾ ತಯಾರ ಐತಿ. ನಿಮ್ಮಪ್ಪನವ ಟೋನ, ಅಗದಿ ಹಂಗ..."

"ನಮ್ಮಪ್ಪನ ಟೋನ ನಮ್ಮಪ್ಪನ ಪೇಟ್ಯಾಗ ಅದಾವು. ಒಳಗಿನ ಖೋಲ್ಯಾಗ. ಅದನ್ನ ಟ್ರ್ಯಾಕ್ಟರ್ ಮ್ಯಾಲ ಇಡ್ರಿ. ನಾ ಬಾರಸ್ತೀನಿ."

"ನೀ? ಟ್ರ್ಯಾಕ್ಟರ್ ಮ್ಯಾಲ ಕುಂತು?"

"ಯಾಕ, ಅಣ್ಣಿಗೇರಿ ಸಾಲ್ಯಾಗ ಹುಡುಗರಿಗೆ ದಿನಾ ಬಾರಸ್ತೀನಿ, ಇಲ್ಲಿ ಬಾರಿಸಿದ್ರ ಏನ ಆಕ್ಕೈತಿ? ಗಂಡಮಗ ಇಲ್ಲ ನಮ್ಮಪ್ಪಗ. ಇದ್ದೊಬ್ಬ ಶಿಷ್ಯ, ಅಂವ ಹಿಂಗ."

ಹೇಮಂತ ಬೆರಳನ್ನು ಬಾಯಲ್ಲಿಟ್ಟುಕೊಂಡು ಲ್ಯಾಪ್‌ಟಾಪನ್ನು ಬಗಲಿಗೆ ಅವಚಿಕೊಂಡ.

ಶ್ರಾವಣದಲ್ಲಿ ಅಪ್ಪ ಅವಳಿಗೆ ಫೋನು ಮಾಡಿದ್ದ. ಹಲೋ ಇಲ್ಲ, ಆರಾಮಿದ್ದಿಯಾ ಇಲ್ಲ, ನೇರ ಜಗಳಕ್ಕೇ ಬಂದವನ ಹಾಗೆ ಮಾತು. "ರೋಹಿಣಿ, ಕೇಳಿಲ್ಲೆ. ನನ್ನ ಮಣ್ಣಿನ ದಿನ ಆ ಲ್ಯಾಪ್‌ಟಾಪ್ ಏನರ ನಮ್ಮ ಬಾಗಲಿಗೆ ಬಂತಂದ್ರ ನಾ ಎದ್ದ ಹೊಕ್ಕೀನಿ. ನನ್ನ ಪೇಟಿ ಐತಿ, ನೀ ಅದಿ. ದೇವಿಕೊಪ್ಪ ಹಾಕು. ಮನಿಯಿಂದ ಕುಣಿ ತನಕ ದೇವಿಕೊಪ್ಪನ." ರೋಹಿಣಿ ನಕ್ಕು, "ಆತ ಬಿಡಪ್ಪಾ" ಎಂದಿದ್ದಳು. ಅಂದ ಮಾತು ಅಂದದ್ದೇ. ಅಪ್ಪ ಅದನ್ನು ಹಿಡಿದುಕೊಂಡು ಈಗ ಗೋಡೆಗೆ ಕೂತಿದ್ದಾನೆ.

*

ಊರಿನವರು ಅದನ್ನು ಕರೆಂಟ್ ಪೇಟಿ ಎನ್ನುತ್ತಿದ್ದರು. ಹಾರ್ಮೋನಿಯಂ ಪೇಟಿಯಾದರೆ ಇದು ಕರೆಂಟಿನದು, ಅಷ್ಟೇ. ಸಿಂಥಸೈಜರ್ ಎಂದು ಹೇಳಿಕೊಟ್ಟು ಹೇಳಿಕೊಟ್ಟು ಸುಭಾಸನ ಬಾಯಿ ಸೋತಿತ್ತು. ಹುಬ್ಬಳ್ಳಿಯಲ್ಲಿ ಮುರಿದುಬಿದ್ದ ಒಂದು ಆರ್ಕೆಸ್ಟ್ರಾದವರಿಂದ ಅವನು ಅದನ್ನು ತಂದಾಗ ರೋಹಿಣಿ ಇನ್ನೂ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಮಲಗುತ್ತಿದ್ದಳು. ಕಪ್ಪು ಮೈ, ಸಾಲು ಗುಂಡಿಗಳು, ಒಂದು ಗೇಣಿನ ಪರದೆ. ಅದರಲ್ಲಿ ಕಂಪನಿಯವರೇ ತುಂಬಿಟ್ಟ ಟೋನುಗಳಿದ್ದವು: ಪಿಯಾನೋ, ಕೊಳಲು, ಪಿಟೀಲು. ಸುಭಾಸ ಅವನ್ನು ಕೇಳಿ, "ಇವು ಯಾರ ಮನಿ ಕೊಳಲಲೇ?" ಎಂದು ಬೈದು, ಗುಂಡಿ ತಿರುವಿ ತಿರುವಿ ತನ್ನವನ್ನು ಮಾಡಿಕೊಂಡ.

ಮಾಡಿಕೊಂಡದ್ದಕ್ಕೆಲ್ಲ ಊರಿನ ಹೆಸರು ಇಟ್ಟ. ತೊಟ್ಟಿಲ ಹಗ್ಗ ಜೀಕುವಂಥ ಒಂದು ದನಿ, ಅದು ಕಲಘಟಗಿ. ಭಜನೆಗೆ ತುಂಬಿಕೊಂಡು ಬರುವುದು ಸಂಶಿ. ಎಲ್ಲಕ್ಕೂ ಮೇಲಿನದು ದೇವಿಕೊಪ್ಪ. ಆ ಊರಿನ ನಾಟಕದಲ್ಲಿ ತಾಯಿ ಪಾತ್ರದವಳಿಗೆ ಏನು ಮಾಡಿದರೂ ಅಳು ಬರಲಿಲ್ಲ. ಸುಭಾಸ ಸಿಟ್ಟಿನಿಂದ ರಂಗದ ಪಕ್ಕ ಕೂತಲ್ಲೇ ಗುಂಡಿಗಳನ್ನು ಎಲ್ಲೆಂದರಲ್ಲಿ ತಿರುವಿದ. ಅದು ಕೊಳಲೂ ಅಲ್ಲ, ಶಹನಾಯಿಯೂ ಅಲ್ಲ. ಪೇಟಿಯ ಮನೆಯನ್ನು, ಅಂದರೆ ಬೆರಳಿಡುವ ಪಟ್ಟಿಯನ್ನು, ಒತ್ತಿ, ಬಿಡದೆ ಇನ್ನೂ ಆಳಕ್ಕೆ ಒತ್ತಿದರೆ ಅಳು ಬರುವ ಮುಂಚೆ ಗಂಟಲು ನಡುಗುವುದಲ್ಲ, ಹಾಗೆ ನಡುಗುತ್ತಿತ್ತು. ಪಾತ್ರದವಳು ಅತ್ತಳು, ಮುಂದೆ ಕೂತ ಹೆಂಗಸರು ಅತ್ತರು. ಅಂದಿನಿಂದ ಯಾವ ಊರಿಗೆ ಹೋದರೂ ಜನ, "ಮಾಸ್ತರ್ರ, ದೇವಿಕೊಪ್ಪ ಹಚ್ಚರಿ" ಎಂದು ಕೂಗುವುದು ಶುರುವಾಯಿತು.

ಆಮೇಲೆ ಒಂದು ದಿನ ಪರದೆಯ ಮೇಲೆ ಬ್ಯಾಟರಿಯ ಗುರುತು ಮಿಣುಕಿತು. ಹುಬ್ಬಳ್ಳಿಯ ರಿಪೇರಿಯವ ಇಮಾಮುದ್ದೀನ ಮನೆಗೇ ಬಂದು ಕಿವಿಗೊಟ್ಟು, ಪೇಟಿಯ ಬೆನ್ನು ತಿರುವಿ ನೋಡಿದ.

"ಮಾಸ್ತರ್, ಒಳಗ ನೆನಪ ಇಡೂ ಸೆಲ್ ಮುಗದೈತ್ರಿ. ಕರೆಂಟ್ ಇರೂ ತನಕ ನಿಮ್ಮ ಟೋನ ಇರ್ತಾವು. ಆರಿಸಿದ್ರಿ ಅಂದ್ರ ಎಲ್ಲಾ ಅಳಸಿ ಹೊಕ್ಕಾವು, ಕಂಪನಿಯವ ಅಷ್ಟ ಉಳೀತಾವು. ಹಚ್ಚಿದ್ದ ಹಚ್ಚಿದ್ದಂಗ ಹೊಸಾ ಸೆಲ್ ಕೂಡಸೂಣು. ಆದ್ರ ಕೈ ಸ್ವಲ್ಪ ಅಲ್ಲಾಡ್ತು ಅಂದ್ರ ನನ್ನ ಕೇಳಬ್ಯಾಡ್ರಿ."

"ಹಂಗಾರ ಮುಟ್ಟಬ್ಯಾಡ," ಎಂದ ಸುಭಾಸ.

ಮುಟ್ಟಲಿಲ್ಲ. ಅಂದಿನಿಂದ ಪೇಟಿ ಆರಲೇ ಇಲ್ಲ. ಒಳಗಿನ ಖೋಲಿಗೆ ಇನ್ವರ್ಟರ್ ಬಂತು. ಕರೆಂಟು ಹೋದರೆ ಮನೆಯಲ್ಲಿದ್ದವರೆಲ್ಲ ಮೊದಲು ಆ ಖೋಲಿಗೆ ಓಡಿ ಕೆಂಪು ದೀಪ ನೋಡಬೇಕು. ಕಾರ್ಯಕ್ರಮಕ್ಕೆ ಹೋಗುವಾಗ ಟೆಂಪೋದಲ್ಲಿ ಪೇಟಿಯ ಬಾಜೂಕೆ ಬ್ಯಾಟರಿಯೂ ಪ್ರಯಾಣ ಮಾಡುತ್ತಿತ್ತು. "ಸಲೈನ್ ಹಚ್ಚಿದ ಪೇಶಂಟ್ ಬಂತು ನೋಡ್ರಿ" ಎಂದು ಜನ ನಗುತ್ತಿದ್ದರು. ಹೆಂಡತಿ ಮಹಾನಂದಾ ಮಾತ್ರ ನಗಲಿಲ್ಲ. ಇನ್ವರ್ಟರಿಗೆ ನೀರು ಹಾಕುವವರು ಬೇಕೆಂದು ಅವಳು ತವರಿಗೆ ಹೋಗಿ ಒಂದು ರಾತ್ರಿ ಉಳಿದವಳಲ್ಲ. "ಎಲ್ಲಾರ ಮನ್ಯಾಗ ಸವತಿಗೆ ಕಾಲ ಇರ್ತಾವು, ನಮ್ಮ ಮನ್ಯಾಗ ವಾಯರ್ ಅದಾವು" ಎಂದು ಗೊಣಗುತ್ತ, ಪ್ಲಗ್ಗಿನ ಮೇಲೆ ಅವಳೇ ಟೇಪು ಸುತ್ತಿಟ್ಟಿದ್ದಳು.

*

ಮಧ್ಯಾಹ್ನ ಟ್ರ್ಯಾಕ್ಟರಿನ ಜನರೇಟರು ಚಾಲೂ ಮಾಡಿ ನೋಡಿದರು. ರೋಹಿಣಿ ಪೇಟಿ ತರಲು ಒಳಗಿನ ಖೋಲಿಯ ಬಾಗಿಲು ತೆರೆದಳು.

ಕೆಂಪು ದೀಪ ಇರಲಿಲ್ಲ.

ಅವಳು ಮೊದಲು ಕಣ್ಣಿನ ದೋಷ ಎಂದುಕೊಂಡಳು. ಹೊರಗಿನ ಬಿಸಿಲಿನಿಂದ ಬಂದವಳು, ಕತ್ತಲೆ ಕಣ್ಣಿಗೆ ಕೂಡಬೇಕು. ಕೂಡಿತು. ಪೇಟಿ ಕಪ್ಪಗೆ ಕೂತಿತ್ತು. ಕಾಲ ಕೆಳಗೆ ಪ್ಲಗ್ಗು ಬಿದ್ದಿತ್ತು. ಅದಕ್ಕೆ ಸುತ್ತಿದ್ದ ಟೇಪನ್ನು ಯಾರೋ ನೀಟಾಗಿ ಬಿಚ್ಚಿ ಉಂಡೆ ಮಾಡಿ ಕಿಟಕಿಯಲ್ಲಿ ಇಟ್ಟಿದ್ದರು.

ಅವಳು ಪ್ಲಗ್ಗು ಹಾಕಿದಳು. ದೀಪ ಬಂತು. ಪರದೆ ಬೆಳಗಿತು. ಅಲ್ಲಿ ಯಾವ ಊರೂ ಇರಲಿಲ್ಲ. ಪಿಯಾನೋ, ನಂಬರ್ ಒಂದು. ಅವಳು ಗುಂಡಿ ಒತ್ತುತ್ತ ಹೋದಳು. ಪಿಯಾನೋ ಎರಡು. ಕೊಳಲು. ಪಿಟೀಲು. ಕಲಘಟಗಿ ಇಲ್ಲ, ಸಂಶಿ ಇಲ್ಲ. ದೇವಿಕೊಪ್ಪ ಇರಬೇಕಾದ ಜಾಗದಲ್ಲಿ ಒಂದು ಮನೆ ಒತ್ತಿದಳು. ಜಾತ್ರೆಯಲ್ಲಿ ಕೊಂಡ ಆಟಿಕೆಯ ಹಾಗೆ ಟಿಂಯ್ ಎಂದಿತು.

"ಏನ ಹುಡಕಾಕತ್ತಿ ಬೇ?" ಬಾಗಿಲಲ್ಲಿ ಅನ್ನವ್ವ ನಿಂತಿದ್ದಳು. ಅಪ್ಪನ ಅಕ್ಕ. ಸುದ್ದಿ ಕೇಳಿ ನಿನ್ನೆಯೇ ಕಲಘಟಗಿಯಿಂದ ಬಂದವಳು. ಅತ್ತು ಅತ್ತು ದನಿ ಒಡೆದಿತ್ತು.

"ಅತ್ತಿ... ಇದನ್ನ ಯಾರ ತಗದ್ರು?"

"ನಾನ ತಗದೆ. ಟಿವಿ, ಫ್ರಿಜ್ಜು, ಇದು, ಎಲ್ಲಾ ನಾನ ಕಿತ್ತಿಟ್ಟೆ. ಸತ್ತ ಮನ್ಯಾಗ ಹಾಡೂವು ಕುಣಿಯೂವು ಮಿಣಿಮಿಣಿ ಅಂತ ಉರೀತಿರಬಾರದು. ನಿಮ್ಮವ್ವಗ ಇದೆಲ್ಲಾ ಎಲ್ಲಿಂದ ಎಚ್ಚರ ಇರಬೇಕು ಪಾಪ. ಯಾರೋ ಟೇಪ್ ಬ್ಯಾರೆ ಸುತ್ತಿದ್ರು, ಉಗರ ಮುರೀತು ನೋಡ." ಅವಳು ಬೆರಳು ತೋರಿಸಿದಳು.

ರೋಹಿಣಿಯ ಬಾಯಿಗೆ ಬಂದದ್ದು ಹೇಳುವಂಥದ್ದಲ್ಲ. "ಅತ್ತಿ! ಅಪ್ಪಂದೆಲ್ಲಾ ಇದರಾಗ ಇತ್ತು! ಇದನ್ನ ಆರಸಬಾರದಿತ್ತು! ಯಾರನ್ನರ ಒಂದ ಮಾತ ಕೇಳಬಾರದೇನ?"

"ಅಯ್ಯ, ಹೌದೇನ?" ಅನ್ನವ್ವ ಗಾಬರಿಯಾದಳು. ಪೇಟಿಯ ಕಡೆ ಬಗ್ಗಿ ನೋಡಿದಳು. "ಈಗ ಹಚ್ಚಿದೆಲ್ಲ. ದೀಪ ಬಂದೈತಿ. ಆತಲ್ಲ ಮತ್ತ?"

ಆಗ ರೋಹಿಣಿಯ ತೋಳನ್ನು ಹಿಂದಿನಿಂದ ಯಾರೋ ಬಿಗಿಯಾಗಿ ಹಿಡಿದರು. ಅವ್ವ. ಕೂಗು ಕೇಳಿ ಹೆಣದ ಬಳಿಯಿಂದ ಎದ್ದು ಬಂದಿದ್ದಳು. ಮಹಾನಂದಾ ಪರದೆ ನೋಡಿದಳು, ಕಿಟಕಿಯಲ್ಲಿನ ಟೇಪಿನ ಉಂಡೆ ನೋಡಿದಳು.

"ಆತು ಅಕ್ಕಾರ," ಎಂದಳು ಅನ್ನವ್ವನಿಗೆ. "ಹಚ್ಚಿದ್ರ ಆತು. ನೀವು ಹೊರಗ ಹೋಗ್ರಿ, ಅಯ್ಯನವರು ಬಂದಾರ."

ಅನ್ನವ್ವ ಹೋದ ಮೇಲೆ ಅವಳ ಮುಖ ಬೇರೆಯಾಯಿತು. "ಹರೇದಾಗಿಂದ ಕಾಯ್ದೆ ಇದನ್ನ. ನಮ್ಮವ್ವ ಸತ್ತಾಗೂ ಮಣ್ಣು ಕೊಟ್ಟ ಹಂಗ ಓಡಿ ಬಂದೆ, ಕರೆಂಟ್ ಹೊಕ್ಕೈತಿ ಅಂತ. ನಿನ್ನಿ ಒಂದ ರಾತ್ರಿ, ಒಂದ ರಾತ್ರಿ ಈ ಕಡೆ ತಿರಗಿ ನೋಡಲಿಲ್ಲ ನಾ." ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ತೆಗೆದಳು. "ಆಕಿಗೆ ಹೇಳಬ್ಯಾಡ ರೋಹಿಣಿ. ಕೈಯಾರೆ ಎತ್ತಿ ಆಡಿಸಿದ ತಮ್ಮ. ಗೊತ್ತಾತಂದ್ರ ಆಕಿ ಉಣ್ಣೂದಿಲ್ಲ."

"ಮತ್ತ ನಾ ಏನ ಬಾರಸಲಿ? ಮನಿಯಿಂದ ಕುಣಿ ತನಕ ನಾ ಏನ ಬಾರಸಲಿ?"

ಪಡಸಾಲೆಯಿಂದ ಯಾರೋ ಮಹಾನಂದಾಳನ್ನು ಕರೆದರು.

*

ಹೇಮಂತ ಹೈಸ್ಕೂಲಿನಿಂದಲೇ ಆ ಮನೆಯಲ್ಲಿ ಉಂಡು ಬೆಳೆದವನು. ಸುಭಾಸನ ಬ್ಯಾಟರಿ ಹೊತ್ತ, ಸುಭಾಸನ ಬೈಗುಳ ತಿಂದ, ಕಲಿತ. ದೊಡ್ಡವನಾಗಿ ಬಸ್‌ಸ್ಟ್ಯಾಂಡಿನ ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ, ಹೊರಗಿನ ಸದ್ದು ಬಾರದಂತೆ ಗೋಡೆಗೆ ಹಾಸಿಗೆ ಬಡಿದು ಒಂದು ಸ್ಟುಡಿಯೋ ಮಾಡಿದ. ಅಲ್ಲಿ ಲ್ಯಾಪ್‌ಟಾಪೇ ಪೇಟಿ, ಅದೇ ತಬಲಾ, ಅದೇ ಪಿಟೀಲು. ಅದರೊಳಗೆ ತುಂಬಿಟ್ಟ ದನಿಗಳನ್ನು ಪ್ಲಗಿನ್ ಎನ್ನುತ್ತಿದ್ದ. ಎದುರಿಗೆ ಮಗ್ಗಿ ಪುಸ್ತಕದಂಥ ಒಂದು ಪ್ಲಾಸ್ಟಿಕ್ ಕೀಬೋರ್ಡು. ಅದಕ್ಕೆ ತನ್ನದೆಂಬ ದನಿ ಇಲ್ಲ, ಲ್ಯಾಪ್‌ಟಾಪು ಹೇಳಿದ್ದನ್ನು ಹೇಳುತ್ತದೆ.

ಒಂದು ದಿನ ಅವನು ಒಂದು ಕೇಬಲ್ ಹಿಡಿದುಕೊಂಡು ಬಂದ. "ಮಾಸ್ತರ್ರ, ಇದನ್ನ ಪೇಟಿಗೆ ಹಚ್ಚತೀನ್ರಿ. ನೀವು ಅರ್ಧಾ ಕಪ್ ಚಹಾ ಕುಡಿಯೂದರಾಗ ನಿಮ್ಮ ಟೋನ ಎಲ್ಲಾ ಲ್ಯಾಪ್‌ಟಾಪಿನ್ಯಾಗ ಬಂದ ಕುಂಡ್ರತಾವು. ನಾಳೆ ಪೇಟಿ ಆರಿದ್ರ ಮತ್ತ ಇದರಾಗಿಂದ ಅದಕ್ಕ ತುಂಬೂಣು."

"ನನ್ನ ಟೋನ ನಿನ್ನ ಡಬ್ಬ್ಯಾಗ ಯಾಕ ಬರಬೇಕಲೇ? ಅವಕ್ಕ ಮನಿ ಇಲ್ಲೇನ?"

"ಕೂನಕ್ಕ, ನೆನಪಿಗೆ ಇರ್ಲಿ ಅಂತ್ರಿ. ಒಂದ ವ್ಯಾಳ್ಯಾ..."

"ನಿನ್ನ ಡಬ್ಬ್ಯಾಗ ಬಂದ ಮ್ಯಾಲ ಅದು ಇನ್ನೊಬ್ಬನ ಡಬ್ಬಿಗೆ ಹೊಕ್ಕೈತಿ. ಅಲ್ಲಿಂದ ಮತ್ತೊಬ್ಬಂದಕ್ಕ. ಆಮ್ಯಾಲ ಸುಭಾಸ ಯಾರಿಗೆ ಬೇಕ? ಎದ್ದೇಳ. ಏಳಂದ್ರ!" ಕೇಬಲ್ಲನ್ನು ಕಸಿದು ಅಂಗಳಕ್ಕೆ ಎಸೆದ.

ಅದಾದ ಮೇಲೆ ಭಜನೆಯ ರೆಕಾರ್ಡಿಂಗ್ ಇದೆ ಎಂದು ಹೇಮಂತ ಅವನನ್ನು ಪೇಟಿ ಸಮೇತ ಮಾಳಿಗೆಗೆ ಕರೆಸಿದ. ಸೌಂಡ್ ಚೆಕ್ ಎಂದು ಒಂದೊಂದೇ ಮನೆ ಒತ್ತಿಸಿದ. ಸುಭಾಸನಿಗೆ ಖುಷಿಯೇ ಆಗಿತ್ತು. ಹುಡುಗ ಎಷ್ಟು ಕಾಳಜಿಯಿಂದ ಕೆಲಸ ಮಾಡುತ್ತಾನೆ ಎಂದು ಮನೆಗೆ ಬಂದು ಹೇಳಿದ್ದ. ಕೆಲವು ದಿನಗಳ ಮೇಲೆ ಕಲಘಟಗಿಯ ಭಜನೆ ಸ್ಪರ್ಧೆಯಲ್ಲಿ ಯಾವುದೋ ಊರಿನ ಹುಡುಗರ ಮೇಳ ವೇದಿಕೆಗೆ ಬಂತು. ಅವರ ಬಳಿ ಒಂದು ಲ್ಯಾಪ್‌ಟಾಪು. ಅದರಿಂದ ದೇವಿಕೊಪ್ಪ ಬಂತು.

ಸುಭಾಸ ಹಾಡು ಮುಗಿಯುವವರೆಗೂ ಕಾಯಲಿಲ್ಲ. ವೇದಿಕೆ ಏರಿ, "ಯಾರ ಕೊಟ್ರು?" ಎಂದ. "ಹೇಮಂತಣ್ಣ ಕೊಟ್ಟಾನ್ರಿ" ಎಂದರು ಹುಡುಗರು, ಹೆಮ್ಮೆಯಿಂದ. ಹೇಮಂತ ಚಹಾದಂಗಡಿಯ ಮುಂದೆ ನಿಂತಿದ್ದ. ಊರ ಮಂದಿಯ ಎದುರು ಸುಭಾಸ ಅವನ ಕಪಾಳಕ್ಕೆ ಹೊಡೆದ. "ಕಳ್ಳ" ಎಂದ. ಆಮೇಲೆ ಅವನ ಜೊತೆ ಒಂದೇ ಒಂದು ಮಾತಾಡಲಿಲ್ಲ.

ಹೊಡೆದದ್ದರಿಂದ ಏನೂ ನಿಲ್ಲಲಿಲ್ಲ. ಲ್ಯಾಪ್‌ಟಾಪು ಬೈಕಿನಲ್ಲಿ ಬರುತ್ತದೆ, ಸುಭಾಸನಿಗೆ ಟೆಂಪೋ ಬೇಕು, ಬ್ಯಾಟರಿ ಬೇಕು, ಅವನ ಬೈಗುಳವನ್ನೂ ತಿನ್ನಬೇಕು. ನಾಟಕದವರು ಬಿಟ್ಟರು. ಕೊನೆಗೆ ಈರಪ್ಪನ ಮೇಳವೂ ಹೇಮಂತನನ್ನೇ ಕರೆಯಿತು. ಸುಭಾಸ ಒಳಗಿನ ಖೋಲಿಯಲ್ಲಿ ಒಬ್ಬನೇ ಕೂತು, ಬಾಗಿಲು ಹಾಕಿಕೊಂಡು ದೇವಿಕೊಪ್ಪ ಬಾರಿಸುತ್ತಿದ್ದ. ರೋಹಿಣಿ ಫೋನು ಮಾಡಿದರೆ ಹಿಂದೆ ಅದು ಕೇಳಿಸುತ್ತಿತ್ತು.

*

ಹೇಮಂತ ಹಿತ್ತಲಲ್ಲಿ ಬಣವೆಗೆ ಬೆನ್ನು ಕೊಟ್ಟು ನಿಂತಿದ್ದ. ಬೆರಳಿಗೆ ಒದ್ದೆ ಅರಿವೆ ಸುತ್ತಿಕೊಂಡಿದ್ದ.

"ನಿನ್ನ ಕಡೆ ದೇವಿಕೊಪ್ಪ ಐತೇನ?" ಎಂದಳು ರೋಹಿಣಿ.

ಅವನು ಅವಳ ಮುಖ ನೋಡಿದ. "ಪೇಟಿಗೆ ಏನಾತು?"

"ಕೇಳಿದ್ದಷ್ಟ ಹೇಳ."

"ಆರಿತೇನ?" ಅವನ ದನಿ ಬಿದ್ದುಹೋಯಿತು. "ಅಕ್ಕಾ, ಆರಿತೇನ? ಯಾರ ಆರಸಿದ್ರು?"

"ಯಾರರ ಇರ್ಲಿ. ಹೋತು."

ಹೇಮಂತ ಅಲ್ಲೇ ಕುಕ್ಕರಿಸಿದ. ಆಮೇಲೆ ಎದ್ದ, ಎದ್ದಾಗ ಬೆಳಗಿನ ಹೇಮಂತ ಆಗಿರಲಿಲ್ಲ.

"ಎಷ್ಟ ಸಲ ಕೇಳಿದೆ ನಾ. ಕಾಲ ಹಿಡದೆ. ಕೇಬಲ್ ತಗೊಂಡ ಅಂಗಳಕ್ಕ ಒಗದ್ರು. ಊರ ಮುಂದ ಹೊಡದ್ರು, ಕಳ್ಳ ಅಂದ್ರು. ಇವತ್ತ ನೀನೂ ಬಂದಾಕಿನ ಬೆರಳ ಜಜ್ಜಿದಿ. ಹೌದು, ಕದ್ದೀನಿ. ಕದ್ದೇ ಕದ್ದೀನಿ. ಇವತ್ತ ಉಳದದ್ದು ನಾ ಕದ್ದದ್ದಷ್ಟ ಅಕ್ಕಾ! ಬೈ ಈಗ!"

ರೋಹಿಣಿಗೆ ಇನ್ನೊಂದು ಸಲ ಅವನ ಬೆರಳು ಜಜ್ಜಬೇಕೆನಿಸಿತು. "ಕದ್ದು ಇಟ್ಕೊಂಡಿದ್ರ ಇರ್ತಿತ್ತು. ಊರ ತುಂಬ ಹಂಚಿದಿ. ನಮ್ಮಪ್ಪನ ಕೆಲಸ ತಿಂದಿ."

"ಹಂಚಿದೆ. ಕೇಳಿದವರಿಗೆಲ್ಲಾ ಕೊಟ್ಟೆ, ದೊಡ್ಡಸ್ತಿಕೆಗೆ. ಅದು ತಪ್ಪ, ಅದಕ್ಕ ಬೇಕಾದ್ರ ಇನ್ನೊಂದ ಹೊಡಿ. ಆದ್ರ ಈಗ ಹೇಳ, ಮೂರಕ್ಕ ಏನ ಬಾರಸ್ತಿ? ಕಂಪನಿ ಪಿಯಾನೋ ಬಾರಸ್ತಿಯೇನ ಮಾಸ್ತರ್ರ ಮುಂದ?"

ಒಳಗೆ ಅಯ್ಯನವರ ಮಂತ್ರ ಶುರುವಾಗಿತ್ತು. ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಚೆಂಡುಹೂವಿನ ಸರ ಕಟ್ಟುವವರು ಹಗ್ಗ ಸಾಲದೆಂದು ಕೂಗಾಡುತ್ತಿದ್ದರು.

"ನಿನ್ನ ಪ್ಲಾಸ್ಟಿಕ್ ನಾ ಮುಟ್ಟೂದಿಲ್ಲ," ಎಂದಳು ರೋಹಿಣಿ ಕಡೆಗೆ. "ಅಪ್ಪನ ಪೇಟಿನ ಬಾರಸ್ತೀನಿ. ಒತ್ತೂ ಮನಿ ಅಪ್ಪನ್ವು, ದನಿ ನಿನ್ನ ಡಬ್ಬ್ಯಾಗಿಂದು ಬರಲಿ. ಹಂಗ ಮಾಡಾಕ ಬರ್ತೈತೇನ?"

"ಬರ್ತೈತಿ." ಅವನು ಚೀಲದ ತಳಕ್ಕೆ ಕೈ ಹಾಕಿ ಒಂದು ಕಪ್ಪು ಕೇಬಲ್ ತೆಗೆದ. ಅದರ ಒಂದು ತುದಿಯ ಪ್ಲಾಸ್ಟಿಕ್ಕು ಒಡೆದಿತ್ತು. ಅಂಗಳದ ಕಲ್ಲಿಗೆ ಬಡಿದದ್ದು.

"ನೀನೂ ಟ್ರ್ಯಾಕ್ಟರ್ ಏರು. ನನ್ನ ಕೂಡ ಮಾತಾಡಬ್ಯಾಡ."

*

ಸುಭಾಸ ವಿಮಾನದಲ್ಲಿ ಕೂತು ಹೊರಟ. ಮುಂದೆ ಭಜನೆ, ಅದರ ಮುಂದೆ ಟ್ರ್ಯಾಕ್ಟರು. ಟ್ರೇಲರಿನ ಮೇಲೆ ಚಾಪೆ ಹಾಸಿ ಪೇಟಿ ಇಟ್ಟಿದ್ದರು. ಅದರ ಸ್ವಂತ ದನಿಯನ್ನು ಹೇಮಂತ ಪೂರ್ತಿ ಇಳಿಸಿಬಿಟ್ಟಿದ್ದ. ರೋಹಿಣಿ ಮೊದಲನೆಯ ಸ್ವರ ಒತ್ತಿದಾಗ ಬಾಕ್ಸಿನಿಂದ ದೇವಿಕೊಪ್ಪ ಬಂತು.

ಹೆಂಗಸರು ಬಿಕ್ಕಿದರು. ಕಟ್ಟೆಯ ಮೇಲೆ ಕೂತವರು ಎದ್ದು ಕೈ ಮುಗಿದರು. "ಅಗದಿ ಸುಭಾಸನ ಬಾರಿಸಿದಂಗ ಆಕ್ಕೈತಿ," ಎಂದಳು ಒಬ್ಬ ಮುದುಕಿ. ಈರಪ್ಪ ಕಣ್ಣು ಮುಚ್ಚಿ ಹಾಡುತ್ತಿದ್ದ, ಕೆನ್ನೆ ಒದ್ದೆಯಾಗಿತ್ತು.

ರೋಹಿಣಿಯ ಕೆನ್ನೆ ಒಣಗಿತ್ತು. ಅವಳು ಮನೆಯನ್ನು ಒತ್ತಿದಳು, ಬಿಡದೆ ಇನ್ನೂ ಆಳಕ್ಕೆ ಒತ್ತಿದಳು. ದನಿ ನಡುಗಲಿಲ್ಲ. ಸೌಂಡ್ ಚೆಕ್ಕಿನಲ್ಲಿ ಅಪ್ಪ ಒಂದೊಂದೇ ಮನೆಯನ್ನು ಸುಮ್ಮನೆ ಒತ್ತಿ ಬಿಟ್ಟಿದ್ದ. ಹೇಮಂತ ಕದ್ದು ರೆಕಾರ್ಡ್ ಮಾಡಿಕೊಂಡದ್ದು ಅಷ್ಟೇ. ಆಳ ಸಿಕ್ಕಿರಲಿಲ್ಲ. ಉಗುರು ಬೆಳ್ಳಗಾಗುವ ಹಾಗೆ ಒತ್ತಿದರೂ ಅದು ಇದ್ದಷ್ಟೇ ಇತ್ತು, ನೆಟ್ಟಗೆ. ಇದು ಯಾರಿಗೂ ಗೊತ್ತಾಗಲಿಲ್ಲವೇ? ಇಷ್ಟು ವರ್ಷ "ದೇವಿಕೊಪ್ಪ ಹಚ್ಚರಿ" ಎಂದು ಕೂಗಿದ ಈ ಮಂದಿಯಲ್ಲಿ ಒಬ್ಬನಿಗೂ? ಅವಳಿಗೆ ಅಳುವವರ ಮೇಲೆ ಸಿಟ್ಟು ಬಂತು. ಈರಪ್ಪನ ಒದ್ದೆ ಕೆನ್ನೆಯ ಮೇಲೆ ಬಂತು. ಎಲ್ಲರಿಗಿಂತ ಹೆಚ್ಚು, ಹಿಂದೆ ಹೂವಿನೊಳಗೆ ನೆಟ್ಟಗೆ ಕೂತು ಬರುತ್ತಿದ್ದವನ ಮೇಲೆ ಬಂತು. ಮೊಂಡ. ಮೊಂಡ ಮುದುಕ. ಅರ್ಧ ಕಪ್ ಚಹಾ ಕುಡಿಯುವ ಹೊತ್ತಿನ ಕೆಲಸವಾಗಿತ್ತಲ್ಲೋ ಅಪ್ಪ! ಕೊಟ್ಟಿದ್ದರೆ ಇರುತ್ತಿತ್ತು. ನೀನೇ ಆರಿಸಿದಿ, ಅತ್ತಿ ಅಲ್ಲ.

ಹೇಮಂತ ಅವಳ ಬೆರಳು ನೋಡುತ್ತಿದ್ದ. ಅವನಿಗೆ ಗೊತ್ತಾಗಿತ್ತು. ಮಾತಾಡದೆ ಲ್ಯಾಪ್‌ಟಾಪಿನಲ್ಲಿ ಏನೋ ಬದಲಾಯಿಸಿದ. ಮುಂದಿನ ಸಲ ಅವಳು ಆಳಕ್ಕೆ ಒತ್ತಿದಾಗ ದನಿ ನಡುಗಿತು. ಇನ್ನೊಮ್ಮೆ ಒತ್ತಿದಳು. ಅಷ್ಟೇ ನಡುಗಿತು. ಮತ್ತೊಮ್ಮೆ. ಅಳತೆ ಹಿಡಿದು ಕತ್ತರಿಸಿದ ಹಾಗೆ ಮತ್ತೆ ಅಷ್ಟೇ.

"ತಗೀ ಅದನ್ನ," ಎಂದಳು ಅವಳು.

"ಚಲೋ ಕೇಳಸ್ತೈತಲ್ಲ ಅಕ್ಕಾ..."

"ಸುಳ್ಳ ಅಳಸಬ್ಯಾಡ ನಮ್ಮಪ್ಪನ್ನ. ತಗೀ."

ಅವನು ತೆಗೆದ. ಮನೆಯಿಂದ ಕುಣಿಯವರೆಗೆ ಅವಳು ನಡುಗದ ದೇವಿಕೊಪ್ಪವನ್ನೇ ಬಾರಿಸಿದಳು.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಕರಿಮಣ್ಣು ಇನ್ನೂ ಹಸಿಯಾಗಿತ್ತು. ಸುಭಾಸನನ್ನು ಕೂತಂತೆಯೇ ಇಳಿಸಿದರು. ಅಯ್ಯನವರು ಪತ್ರಿ ಹಾಕಿದರು, ಎಲ್ಲರೂ ಹಿಡಿ ಮಣ್ಣು ಹಾಕಿದರು. ಈರಪ್ಪ ರೋಹಿಣಿಯ ಬಳಿ ಬಂದು, "ಭಾಳ ಚಲೋ ಬಾರಿಸಿದಿ ಯವ್ವಾ" ಎಂದ.

"ನೀವು ಅಪ್ಪನ್ನ ಬಿಟ್ಟಾಗಿಂದ ಅಂವ ಬಾರಿಸಿದ್ದನ್ನ ಕೇಳಾಕ ನಾ ಒಬ್ಬಾಕಿನ ಇದ್ದೆ ಕಾಕಾ, ಫೋನಿನ್ಯಾಗ," ಎಂದಳು ಅವಳು. ಈರಪ್ಪ ತಾಳಗಳನ್ನು ಬಟ್ಟೆಯಲ್ಲಿ ಸುತ್ತಿದ.

ಟ್ರ್ಯಾಕ್ಟರಿನವನು ಜನರೇಟರು ಬಂದ್ ಮಾಡಿದ. ಪೇಟಿಯ ದೀಪ ಆರಿತು. ಯಾರೂ ಓಡಲಿಲ್ಲ.

*

ಎಲ್ಲರೂ ಜಳಕ ಮಾಡಿದರು. ಬಾಜೂಮನೆಯವರು ರೊಟ್ಟಿ, ಬೇಳೆ ತಂದಿಟ್ಟರು. ಸಂಜೆ ಊರಿನ ಕರೆಂಟು ಹೋಯಿತು.

ಹೇಮಂತ ಬಾಗಿಲಲ್ಲಿ ನಿಂತ. "ಅಕ್ಕಾ, ಲ್ಯಾಪ್‌ಟಾಪ್ ಆರಾಕ ಬಂದೈತಿ. ಸ್ವಲ್ಪ ಚಾರ್ಜ್ ಮಾಡಕೊಳ್ಳಲೇನ? ಆ ಟೋನ ಇದ್ದಷ್ಟನ್ನ ಇನ್ನೊಂದರಾಗ ಹಾಕಿ ನಿನಗ ಕೊಟ್ಟ ಹೋಗಿಬಿಡ್ತೀನಿ. ಇನ್ನ ಯಾರಿಗೂ ಕೊಡೂದಿಲ್ಲ."

"ಒಳಗಿನ ಖೋಲ್ಯಾಗ ಅಷ್ಟ ಕರೆಂಟ್ ಇರ್ತೈತಿ," ಎಂದಳು ರೋಹಿಣಿ. ಅವನ ಮುಖ ನೋಡಲಿಲ್ಲ, ಆದರೆ ಬೇಡ ಎನ್ನಲಿಲ್ಲ. ಕಂದೀಲು ಹಿಡಿದು ಅವನ ಹಿಂದೆ ಹೋದಳು.

ಪೇಟಿ ತನ್ನ ಜಾಗದಲ್ಲಿತ್ತು. ಟ್ರ್ಯಾಕ್ಟರಿನಿಂದ ಇಳಿಸಿ ತಂದವರು ಯಾರೋ. ಪ್ಲಗ್ಗು ಹಾಕಿದವಳು ಅನ್ನವ್ವ. ಕೆಂಪು ದೀಪ ಉರಿಯುತ್ತಿತ್ತು. ಕಿಟಕಿಯಲ್ಲಿದ್ದ ಟೇಪಿನ ಉಂಡೆಯನ್ನು ಬಿಡಿಸಿ, ಅಂಟು ಹೋದಲ್ಲಿ ಸೀರೆಯ ಅಂಚಿನ ದಾರದಿಂದ ಬಿಗಿದು, ಪ್ಲಗ್ಗಿಗೆ ಮತ್ತೆ ಸುತ್ತಿದ್ದಳು. ಒದ್ದೆ ಕೂದಲು ಬಿಟ್ಟುಕೊಂಡು ಸ್ವಿಚ್‌ಬೋರ್ಡಿನ ಕೆಳಗೆ ನೆಲದ ಮೇಲೆ ಕೂತಿದ್ದಳು. ರೊಟ್ಟಿಯ ತಾಟು ಬಾಜೂಕಿತ್ತು. ಉಂಡಿದ್ದಳು.

ಅಲ್ಲಿದ್ದದ್ದು ಒಂದೇ ಸಾಕೆಟ್ಟು; ಚಾರ್ಜರಿಗೆ ಜಾಗ ಮಾಡಲು ಹೇಮಂತ ಬಗ್ಗಿ ಪ್ಲಗ್ಗಿನ ಕಡೆ ಕೈ ಚಾಚಿದ. ಅನ್ನವ್ವ ಅವನ ಕೈ ಮೇಲೆ ಫಟ್ಟನೆ ಹೊಡೆದಳು, ಅರಿವೆ ಸುತ್ತಿದ ಬೆರಳ ಮೇಲೆಯೇ.

"ಮುಟ್ಟಬ್ಯಾಡ! ಇದನ್ನ ಆರಸಬಾರದು. ನನ್ನ ತಮ್ಮಂದೆಲ್ಲಾ ಇದರಾಗ ಐತಿ. ನಾ ತಿಳೀದ ಒಮ್ಮೆ ಕಿತ್ತಿದ್ದೆ, ಪುಣ್ಯಾಕ್ಕ ಹುಡುಗಿ ನೋಡಿದ್ಲು, ಲಗೂನ ಹಚ್ಚಿದ್ಲು."

ಹೇಮಂತ ಪರದೆ ನೋಡಿದ. ಪಿಯಾನೋ, ನಂಬರ್ ಒಂದು. ತಲೆಯೆತ್ತಿ ರೋಹಿಣಿಯನ್ನು ನೋಡಿದ. ಕಂದೀಲಿನ ಬೆಳಕಿನಲ್ಲಿ ಅವಳು ಬೇಡ ಎಂದು ತಲೆಯಾಡಿಸಿದಳು.

"ಹೌದ್ರಿ ಅತ್ತಿ," ಎಂದ ಅವನು. ಚಾರ್ಜರಿನ ವಾಯರನ್ನು ಕೈಗೆ ಸುತ್ತಿಕೊಂಡ. "ಆರಸಬಾರದು."

ಅವನ ಬಗಲಲ್ಲಿ ಲ್ಯಾಪ್‌ಟಾಪು ಒಮ್ಮೆ ಕೂಗಿ ಕಪ್ಪಾಯಿತು. ಅನ್ನವ್ವ ಸೆರಗು ಹೊದ್ದುಕೊಂಡು ಇನ್ನಷ್ಟು ಹಿಂದೆ ಸರಿದು, ಪ್ಲಗ್ಗಿಗೆ ಅಡ್ಡವಾಗಿ ಬೆನ್ನು ಕೊಟ್ಟು ಕೂತಳು.